ಓಡುವ ಬಸ್ಸಿನಲ್ಲಿ ಅವ್ವನ ಕೈಮಾತು

ಬಸ್ಸಿನ ಓನರ್ ನನ್ನನ್ನು ಕರೆಸುವ ಹೊತ್ತಿಗೆ ಬಸ್ಸಿನ ಎರಡೂ ಮಗ್ಗುಲಿಗೆ ‘ಉಚಿತ ವೈಫೈ’ ಎಂದು ಕೆಂಪಕ್ಷರದಲ್ಲಿ ಬರೆಸಿ ಆಗಿತ್ತು. ಒಳಗೆ ವೈಫೈ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ರೂಢಿ. ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ಓಡುವ ಎದುರಾಳಿ ಬಸ್ಸಿಗೆ ಟಿವಿ ಕೂರಿಸಿದ್ದರಂತೆ. ಅದಕ್ಕೆ ಇವರ ಜವಾಬು ವೈಫೈ.

“ಬರೆಸೋ ಕೆಲ್ಸ ಮುಗಿದೈತೆ, ಇನ್ನು ನಿಮ್ದು ಸಣ್ಣ ಕೆಲ್ಸ ಅಷ್ಟೆ,” ಎಂದರು ಓನರ್.

ಚನ್ನಗಿರಿಯಲ್ಲಿ ನನ್ನದೊಂದು ಅಂಗಡಿ. ಶಾಲೆ, ಸೊಸೈಟಿ, ಮಂಡಿಗಳಿಗೆ ಕ್ಯಾಮೆರಾ ಹಾಕುವುದು, ಇಂಟರ್ನೆಟ್ ಜೋಡಿಸುವುದು ನನ್ನ ಕಸುಬು. ಅವೆಲ್ಲ ನಿಂತಲ್ಲೇ ನಿಂತಿರುವ ಕಟ್ಟಡಗಳು. ಈ ಬಸ್ಸು ಬೆಳಗ್ಗೆ ನ್ಯಾಮತಿ ಬಿಟ್ಟು, ಹೊನ್ನಾಳಿ, ದಾವಣಗೆರೆ ಹಾದು ಜಗಳೂರು ಮುಟ್ಟಿ, ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರುತ್ತಿತ್ತು. ಓಡುವ ಗಾಡಿಯಲ್ಲಿ ಇಂಟರ್ನೆಟ್ ಇರಬೇಕೆಂದರೆ ದಾರಿಯುದ್ದಕ್ಕೂ ಒಂದು ಟವರಿನ ಕೈ ಬಿಡುತ್ತಾ ಇನ್ನೊಂದರ ಕೈ ಹಿಡಿಯುತ್ತಾ ಹೋಗಬೇಕು. ಬಿಡುವುದು ತಡವಾದರೂ ಕಷ್ಟ, ಹಿಡಿಯುವುದು ತಡವಾದರೂ ಕಷ್ಟ. ಪುಸ್ತಕದಲ್ಲಿ ಓದಿದ್ದೆ, ಮಾಡಿರಲಿಲ್ಲ. ಆದರೂ ಹುಮ್ಮಸ್ಸಿನಲ್ಲಿ ಒಪ್ಪಿಕೊಂಡೆ.

ಡ್ರೈವರ್ ಸೀಟಿನ ಹಿಂದೆ ಎರಡು ಸಿಮ್ ಹಿಡಿಯುವ ರೂಟರ್ ಕೂರಿಸಿದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ಮು, ಒಂದು ಸತ್ತರೆ ಇನ್ನೊಂದು ಇರಲಿ ಎಂದು. ಆಂಟೆನಾವನ್ನು ಒಳಗೇ ಗಾಜಿನ ಬಳಿ ಅಂಟಿಸಿದೆ. ಮಳೆಗಾಲ ಆಗಷ್ಟೇ ಶುರುವಾಗಿತ್ತು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಊರಿನ ಹತ್ತಿರ ಯಾವ ಟವರ್ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಗುರುತು ಹಾಕುತ್ತಾ ನ್ಯಾಮತಿಯಿಂದ ಜಗಳೂರಿನವರೆಗೆ ಕುಲುಕುತ್ತಾ ಹೋದೆ. ಫಲಿತಾಂಶ ಬೆಟ್ಟ ಅಗೆದು ಇಲಿ ಹಿಡಿದಂತಿತ್ತು. ಬಸ್ಸು ಎಂದರೆ ತಗಡಿನ ಪೆಟ್ಟಿಗೆ. ಒಳಗಿನ ಆಂಟೆನಾಕ್ಕೆ ಊರುಗಳಲ್ಲಿ ಸಿಗ್ನಲ್ ಬರುತ್ತಿತ್ತು, ಊರು ದಾಟಿದರೆ ಇಲ್ಲ. ಊರಿನಲ್ಲಾದರೆ ಎಲ್ಲರ ಫೋನಿಗೂ ಸಿಗ್ನಲ್ ಬರುತ್ತದೆ, ನನ್ನ ಡಬ್ಬಿ ಯಾತಕ್ಕೆ?

ಆ ಮೊದಲ ದಿನವೇ ಕಂಡಕ್ಟರನ ಫೋನು ಬಂದದ್ದು. ಮೂವತ್ತೈದರ ಆಸುಪಾಸಿನವನು. ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಗಂಟಲು. ಹೊನ್ನಾಳಿಯ ಹೊಳೆಸೇತುವೆ ದಾಟಿದ ಮೇಲೆ ಟಿಕೆಟ್ ಹರಿಯುತ್ತಿದ್ದವನು ಫೋನು ನೋಡಿ ಅಷ್ಟಕ್ಕೇ ನಿಲ್ಲಿಸಿದ. ಮುಂದಿನ ಸೀಟಿನ ಹೆಂಗಸಿನ ಕೈಗೆ ಫೋನು ಕೊಟ್ಟು, “ಅಕ್ಕಾರೆ, ಒಂಚೂರು ಹಿಡ್ಕಳ್ರಿ,” ಎಂದ. ಆಕೆಗೆ ಇದು ಅಭ್ಯಾಸವಿದ್ದಂತೆ ಕಂಡಿತು. ಫೋನನ್ನು ಅವನ ಮುಖದ ಎತ್ತರಕ್ಕೆ ಹಿಡಿದಳು. ಅವನು ಸೊಂಟವನ್ನು ಕಂಬಿಗೆ ಒತ್ತಿ ನಿಂತು, ಎರಡೂ ಕೈ ಬಿಡುವು ಮಾಡಿಕೊಂಡು ಸನ್ನೆ ಮಾಡತೊಡಗಿದ. ಪರದೆಯ ಮೇಲೆ ಮಂಚದಲ್ಲಿ ಮಲಗಿದ ಒಬ್ಬ ಮುದುಕಿ ಕೈಯೆತ್ತಿ ಏನೋ ಹೇಳುತ್ತಿದ್ದಳು. ಆ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಇವನೂ ಕೈಯೆತ್ತಿಕೊಂಡೇ ಕಾದ. ಚಿತ್ರ ಕದಲಲಿಲ್ಲ, ಆಮೇಲೆ ಫೋನೇ ಕಡಿದುಹೋಯಿತು. ಅವನು ಫೋನು ಇಸಿದುಕೊಂಡು ಜೇಬಿಗಿಟ್ಟು, “ಹೊನ್ನಾಳ್ಯಾಗೆ ಹತ್ತಿದೋರು ಯಾರ್ರೀ?” ಎಂದು ಮತ್ತೆ ಕೂಗಿದ. ಗಂಟಲಿನಲ್ಲಿ ಮೊದಲಿನ ಜೋರು ಇರಲಿಲ್ಲ.

ದಾವಣಗೆರೆಯಲ್ಲಿ ಚಹಾ ಕುಡಿಯುವಾಗ ಕೇಳಿದೆ. ಅವನು ಗೋವಿನಕೋವಿಯವನು. ತಂದೆ ಇವನ ಬಾಲ್ಯದಲ್ಲೇ ತೀರಿಹೋಗಿದ್ದರು.

“ನಮ್ಮವ್ವಂಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ ಸಾರ್, ಮಾತೂ ಇಲ್ಲ. ಶಾಲೆ ಮುಖ ನೋಡಿದೋಳಲ್ಲ. ನಾಟಿ ಮಾಡಾಕೆ, ಕಳೆ ತೆಗಿಯಾಕೆ ಹೋಗಿ ನನ್ನ ಸಾಕಿದ್ಲು. ಈ ಕೈಸನ್ನೆ ನಾವಿಬ್ರೇ ಮಾಡ್ಕಂಡಿದ್ದು. ಟಿವ್ಯಾಗೆ ತೋರಿಸೋ ಸನ್ನೆನೇ ಬ್ಯಾರೆ, ನಮ್ದೇ ಬ್ಯಾರೆ. ನಮ್ಮಿಬ್ರಿಗೆ ಬಿಟ್ರೆ ಇನ್ಯಾರಿಗೂ ಬರಲ್ಲ.”

ಅವ್ವನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ದೊಡ್ಡಾಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ, ನೋವಿಗೆ ಔಷಧಿ ಕೊಟ್ಟು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಹೆಂಡತಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಆದರೆ ಅವಳಿಗೆ ಬರುತ್ತಿದ್ದದ್ದು ಅನ್ನ, ನೀರು, ಸಾಕು, ಬೇಡ, ಹೀಗೆ ನಾಲ್ಕಾರು ಸನ್ನೆ. ಎಲ್ಲಿ ನೋವು, ಎಂಥ ನೋವು ಎಂದು ಅತ್ತೆ ಹೇಳಿದರೆ ತಿಳಿಯುತ್ತಿರಲಿಲ್ಲ. ಆಗ ಇವನಿಗೆ ವಿಡಿಯೊ ಹಚ್ಚುತ್ತಿದ್ದಳು.

“ಮನ್ಯಾಗೇ ಕುಂತ್ಕಳಾಣ ಅಂದ್ರೆ ಔಷಧಿ ತರೋರು ಯಾರು? ಅವ್ವನೂ ಬಿಡಲ್ಲ. ನಾನು ಡ್ಯೂಟಿ ತಪ್ಪಿಸಿದ್ರೆ ಕೈ ಬೀಸಿ ಓಡಿಸ್ತಾಳೆ. ಬಸ್ಸು ಅಂದ್ರೆ ಆಕಿಗೆ ಭಾಳ ಹೆಮ್ಮೆ.” ಲೋಟ ಕೆಳಗಿಟ್ಟು, “ಬದುಕ್ಸಾಕೆ ಆಗಲ್ಲ, ಗೊತ್ತೈತೆ. ಇರೋಷ್ಟು ದಿನ ಆಕಿ ಹೇಳಿದ್ದು ನನಗೆ ಮುಟ್ಟಬೇಕು ಸಾರ್. ಯಾರಿಗೂ ತಿಳೀದಂಗೆ ಹೋಗಬಾರ್ದು,” ಎಂದ.

ಮಾತಾಡುವ ತಾಯಿಯಾಗಿದ್ದರೆ ಕೆಟ್ಟ ಸಿಗ್ನಲ್‌ನಲ್ಲೂ ನಾಲ್ಕು ಮಾತು ಕೇಳುತ್ತಿತ್ತು. ಓದು ಬಂದಿದ್ದರೆ ಮೆಸೇಜು ಸಾಕಿತ್ತು. ಇವರಿಗೆ ಇದ್ದದ್ದು ಚಿತ್ರ ಒಂದೇ, ಅದೂ ಕದಲುವ ಚಿತ್ರ. ಓನರಿಗೆ ಬೇಕಾದದ್ದು ಜನ ಸಿನಿಮಾ ನೋಡುವ ವೈಫೈ. ನನಗೆ ಅವತ್ತಿನಿಂದ ಬೇಕಾದದ್ದು ಬೇರೆಯೇ ಆಯಿತು.

ಆಂಟೆನಾವನ್ನು ಬಸ್ಸಿನ ನೆತ್ತಿಗೆ ಒಯ್ದೆ. ಮೇಲೆ ಸಾಮಾನು ಹೇರುವ ಕಂಬಿಕಟ್ಟೆ ಇದೆಯಲ್ಲ, ಅದರ ಮೂಲೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದೆ. ಒಂದೆರಡು ದಿನ ಚೆನ್ನಾಗಿ ನಡೆಯಿತು. ಆಮೇಲೆ ಜಗಳೂರಿನಿಂದ ಬರುವಾಗ ಸಿಗ್ನಲ್ ಅರ್ಧಕ್ಕರ್ಧ ಇಳಿಯತೊಡಗಿತು. ಹತ್ತಿ ನೋಡಿದರೆ ಮಳೆಯಲ್ಲಿ ನೆನೆದ ಈರುಳ್ಳಿ ಚೀಲಗಳನ್ನು ಡಬ್ಬಿಯ ಸುತ್ತ ಗೋಡೆ ಕಟ್ಟಿದಂತೆ ಒಟ್ಟಿದ್ದರು. ನೀರು ಕುಡಿದ ಚೀಲ ಸಿಗ್ನಲನ್ನೂ ಕುಡಿಯುತ್ತದೆ. ಡಬ್ಬಿಯನ್ನು ಅಲ್ಲಿಂದ ಕಿತ್ತು ಡ್ರೈವರನ ತಲೆಯ ನೇರಕ್ಕೆ, ಊರಿನ ಬೋರ್ಡಿನ ಹಿಂದೆ, ಯಾವ ಚೀಲವೂ ಬರದ ಜಾಗಕ್ಕೆ ತಂದೆ.

ಡ್ರೈವರ್ ವಯಸ್ಸಾದವರು. ಓನರಿನಿಂದ ಹಿಡಿದು ಕಾಲೇಜು ಹುಡುಗಿಯರವರೆಗೆ ಎಲ್ಲರಿಗೂ ಅವರು ಚಾಚಾ. ನಾನು ದಿನಾ ಬಸ್ಸಿನ ನೆತ್ತಿ ಹತ್ತುವುದನ್ನು ನೋಡಿ, “ಸಾಹೇಬ್ರೆ, ನಿಮ್ಗೆ ಮೇಲೇ ಒಂದು ಸೀಟ್ ಹಾಕಿಸ್ಲೇನು? ಹಾಫ್ ಟಿಕೆಟ್ ಸಾಕು,” ಎನ್ನುತ್ತಿದ್ದರು.

ಮುಂದಿನ ತೊಡಕು ಜಗಳೂರಿನ ಬಯಲು. ಅಲ್ಲಿ ಮೆಕ್ಕೆಜೋಳದ ಹೊಲಗಳ ಮೇಲೆ ಅಡ್ಡಿಯೇ ಇಲ್ಲದೆ ದೂರದ ಟವರೂ ಕಾಣುತ್ತದೆ. ಹಾಗಾಗಿ ರೂಟರ್ ಹಿಂದೆ ಬಿಟ್ಟುಬಂದ ಟವರನ್ನೇ ಹಿಡಿದು ಜೋತಾಡುತ್ತಿತ್ತು, ಎದುರಿಗೇ ಇನ್ನೊಂದು ಬಂದರೂ ಬಿಡುತ್ತಿರಲಿಲ್ಲ. ತವರು ಬಿಡಲೊಲ್ಲದ ಹೊಸ ಮದುವಣಗಿತ್ತಿಯ ಹಾಗೆ. ಕೊನೆಗೆ ಸಂಪರ್ಕ ಪೂರ್ತಿ ಕಡಿದ ಮೇಲೆಯೇ ಹೊಸದನ್ನು ಹುಡುಕುತ್ತಿತ್ತು. ಹಳೆಯದು ಇಷ್ಟು ಸೊರಗಿದ ಕೂಡಲೇ ಬಿಟ್ಟುಬಿಡು ಎಂದು ಅದರ ಮಿತಿ ಬದಲಿಸಿದೆ. ಹೊನ್ನಾಳಿ ಕಡೆಯದು ಇದಕ್ಕೆ ತದ್ವಿರುದ್ಧ. ಅಲ್ಲಿ ರಸ್ತೆ ನಾಲೆಯ ಪಕ್ಕದ ತಗ್ಗಿಗೆ ಇಳಿಯುತ್ತದೆ, ಅಡಿಕೆ ತೋಟಗಳ ನಡುವೆ ನುಸುಳುತ್ತದೆ. ಅಲ್ಲಿ ಬೇಗ ಬಿಟ್ಟರೆ ಹಿಡಿಯಲು ಇನ್ನೊಂದಿಲ್ಲ. ಅತ್ತ ದರಿ ಇತ್ತ ಪುಲಿ. ಕೊನೆಗೆ ಎರಡು ಸಿಮ್ಮನ್ನೂ ಒಟ್ಟಿಗೇ ನಡೆಸಿ, ಒಂದು ಟವರ್ ಬದಲಿಸುವಾಗ ಇನ್ನೊಂದು ತನ್ನದನ್ನು ಬಿಡದಂತೆ ಹೊಂದಿಸಿದೆ. ಹಾಗೆ ಹೊಂದಿಸುವಷ್ಟರಲ್ಲಿ ಆ ದಾರಿಯ ಪ್ರತಿ ಉಬ್ಬು ನನ್ನ ಬೆನ್ನುಮೂಳೆಗೆ ಪರಿಚಯವಾಗಿತ್ತು.

ಸಂಪರ್ಕ ಸುಧಾರಿಸಿತು. ಸುಧಾರಿಸಿದ್ದೇ ತಡ, ಬಸ್ಸಿನ ಜನ ಎಲ್ಲ ರೀಲ್ಸ್ ನೋಡತೊಡಗಿದರು. ಕಂಡಕ್ಟರನ ಫೋನಿಗೆ ಮತ್ತೆ ಜಾಗವಿಲ್ಲ. ಆಗ ನಾನು ಒಂದು ತೀರ್ಮಾನ ಮಾಡಿದೆ. ಇಂಟರ್ನೆಟ್ ಹರಿಯುವ ದಾರಿಯಲ್ಲಿ ಒಂದು ಪಾಲನ್ನು ಅವನ ಫೋನೊಂದಕ್ಕೇ ಕಾದಿರಿಸಿದೆ. ಅವ್ವನ ಫೋನು ಬಂದರೆ ಉಳಿದವರದು ತಾನಾಗಿ ನಿಧಾನವಾಗಬೇಕು.

ಓನರ್ ಸಿಟ್ಟಾದರು. “ಊರಿಗೆಲ್ಲ ವೈಫೈ ಅಂತ ಬರೆಸೀನಿ, ನೀವು ಅವರವ್ವಂಗೆ ಹಾಕಿ ಕುಂತೀರಲ್ರೀ!”

“ಒಂದಿನ ಬಸ್ಸಿನಾಗೆ ಬಂದು ನೋಡ್ರಿ. ಆಮೇಲೆ ತೆಗಿ ಅಂದ್ರೆ ತೆಗಿತೀನಿ,” ಎಂದೆ.

ಅವರು ಬಂದರು. ಹೊನ್ನಾಳಿ ದಾಟಿದ ಮೇಲೆ ಫೋನು ಬಂತು. ಚಾಚಾ ಕನ್ನಡಿಯಲ್ಲಿ ನೋಡಿ, “ಅವ್ವನ ಫೋನ್ ಬಂದೈತೆ, ಎಲ್ರೂ ಮೊಬೈಲ್ ಒಳಗಿಡ್ರಪ್ಪಾ!” ಎಂದು ಕೂಗಿದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಜನ ಒಳಗಿಟ್ಟರು. ಅವತ್ತು ಫೋನು ಹಿಡಿದವಳು ಸೂರಗೊಂಡನಕೊಪ್ಪದ ಗುಡಿಗೆ ಹರಕೆ ಒಪ್ಪಿಸಿ ವಾಪಸಾಗುತ್ತಿದ್ದ ಲಂಬಾಣಿ ತಾಂಡಾದ ಅಜ್ಜಿ. ಫೋನು ಹಿಡಿದಿರುವುದು ಯಾರು ಎಂದು ಅವ್ವ ಸನ್ನೆಯಲ್ಲಿ ಕೇಳಿದಳಂತೆ, ಮಗ ಹೇಳಿದ. ಆಗ ಅಜ್ಜಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಕೈ ಬೀಸಿದಳು, ಅತ್ತಲಿಂದ ಅವ್ವನೂ ಬೀಸಿದಳು. ಓನರ್ ದಾವಣಗೆರೆಯಲ್ಲಿ ಇಳಿಯುವಾಗ ನನ್ನ ಮುಖ ನೋಡಲಿಲ್ಲ. “ಹಂಗೇ ಇರ್ಲಿ ಬಿಡ್ರಿ,” ಎಂದಷ್ಟೇ ಹೇಳಿ ಹೋದರು.

ಇಷ್ಟಾದರೂ ಅವನಿಗೆ ಸಮಾಧಾನವಿರಲಿಲ್ಲ. ಹೇಳಲು ಸಂಕೋಚಪಟ್ಟು ಸುಮ್ಮನಿದ್ದ. ನಾನೇ ಗದರಿ ಕೇಳಿದೆ.

“ಮುಖ ಚೆಂದ ಕಾಣ್ತೈತೆ ಸಾರ್, ಮೂಗುಬೊಟ್ಟಿನ ಹರಳೂ ಕಾಣ್ತೈತೆ. ಕೈ ಮಾತ್ರ ಕಾಣಲ್ಲ. ಇಲ್ಲಿದ್ದಿದ್ದು ಒಂದೇ ಸಲಕ್ಕೆ ಅಲ್ಲಿರ್ತೈತೆ. ನಡುವೆ ಏನಂದ್ಲು ಅಂತ ತಿಳಿಯಲ್ಲ.”

ನನಗೆ ತಲೆಗೆ ಹೊಡೆದಂತಾಯಿತು. ವಿಡಿಯೊ ಆ್ಯಪ್‌ಗಳು ಇಂಟರ್ನೆಟ್ಟಿನ ದಾರಿ ಕಿರಿದಾದಾಗ ಚಿತ್ರವನ್ನು ಸ್ಪಷ್ಟವಾಗಿ ಉಳಿಸಿಕೊಂಡು ಚಲನೆಯನ್ನು ಕತ್ತರಿಸುತ್ತವೆ. ಮಾತಾಡುವವರಿಗೆ ಅದು ಸರಿ. ದನಿ ಹೇಗೂ ಕೇಳುತ್ತದೆ, ಮುಖ ಕಂಡರಾಯಿತು. ಕೈಯಲ್ಲಿ ಮಾತಾಡುವವರಿಗೆ ಚಲನೆಯೇ ಮಾತು. ಕತ್ತರಿಸುವುದು ಅದನ್ನೇ. ಎರಡೂ ಫೋನುಗಳಿಗೆ ಬೇರೆ ಆ್ಯಪ್ ಹಾಕಿ, ಚಿತ್ರ ಎಷ್ಟು ಸಣ್ಣದಾದರೂ ಆಗಲಿ, ಮಸುಕಾದರೂ ಆಗಲಿ, ಚಲನೆ ಮಾತ್ರ ಬಿಡಬೇಡ ಎಂದು ಹೊಂದಿಸಿದೆ. ಪರದೆಯ ಮೇಲೆ ಅವ್ವನ ಮುಖ ಬೆಂಕಿಪೊಟ್ಟಣದಷ್ಟಾಯಿತು. ಹರಳು ಹೋಯಿತು. ಆದರೆ ಕೈ ಹರಿಯತೊಡಗಿತು. ಅವತ್ತು ತಾಯಿ ಮಗ ಸೇತುವೆಯಿಂದ ಶುರುಮಾಡಿ ದಾವಣಗೆರೆ ಕಾಣುವವರೆಗೆ ಮಾತಾಡಿದರು. ನಾಲೆಯ ತಗ್ಗಿನಲ್ಲಿ ಒಮ್ಮೆ ತಡವರಿಸಿತು, ಕಡಿಯಲಿಲ್ಲ. ನಾನು ಲ್ಯಾಪ್‌ಟಾಪ್ ನೋಡುವುದು ಬಿಟ್ಟು ಅವನನ್ನೇ ನೋಡಿದೆ. ನಕ್ಕಾಗ ಅವನಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ಗೊತ್ತಾದದ್ದು ಆಗಲೇ.

ಅದರಿಂದ ಬರೀ ಹರಟೆಯಾಗಲಿಲ್ಲ, ಕೆಲಸವೂ ಆಯಿತು. ಒಂದು ಮಧ್ಯಾಹ್ನ ಮನೆಗೆ ಬಂದ ನರ್ಸಮ್ಮ, ಹೊಟ್ಟೆ ನೋವಿಗೆ ಮಾತ್ರೆ ಹೆಚ್ಚು ಮಾಡಬೇಕೇನೋ ಎಂದು ಯೋಚಿಸುತ್ತಿದ್ದರಂತೆ. ಅವ್ವ ಬೇಡವೆಂದು ಕೈಯಾಡಿಸುತ್ತಲೇ ಇದ್ದಳು. ಬಸ್ಸು ಜಗಳೂರಿನ ಬಯಲಿನಲ್ಲಿತ್ತು. ಇವನು ಫೋನಿನಲ್ಲಿ ಅವಳ ಕೈ ಓದಿ ಹೇಳಿದ, “ಹೊಟ್ಟೆ ಅಲ್ಲ ಮೇಡಂ, ಸೊಂಟದ ಕೆಳಗೆ ಬೆಂಕಿ ಇಟ್ಟಂಗೆ ಉರೀತೈತಂತೆ, ಮಗ್ಗುಲು ತಿರುಗಿಸಿ ನೋಡ್ರಿ.” ತಿರುಗಿಸಿದರೆ ಮಲಗಿ ಮಲಗಿ ಹುಣ್ಣಾಗಿತ್ತು. ಅದಕ್ಕೆ ಔಷಧಿ ಹಚ್ಚಿ, ಹಾಸಿಗೆ ಬದಲಿಸಿದರು. ಆಮೇಲೆ ಅವ್ವ ನಿದ್ದೆ ಮಾಡಿದಳು. ನನ್ನ ಕಸುಬಿನಲ್ಲಿ ಇಷ್ಟು ನೇರವಾಗಿ ಒಬ್ಬರಿಗೆ ಸುಖ ಸಿಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆಯುಧಪೂಜೆಯ ಹೊತ್ತಿಗೆ ಅವ್ವ ಗಂಜಿಯನ್ನೂ ನುಂಗಲಾರದಷ್ಟು ಇಳಿದುಹೋಗಿದ್ದಳು. ಹಬ್ಬದ ದಿನ ಮಗ ಮನೆಯಲ್ಲಿರುತ್ತೇನೆ ಎಂದನಂತೆ. ಪೂಜೆ ಮಾಡದೆ ಬಸ್ಸು ಬಿಡುವುದುಂಟೇ ಎಂದು ಅವಳೇ ಓಡಿಸಿದಳು. ನಾನು ಚನ್ನಗಿರಿಯಲ್ಲಿ ನನ್ನ ಅಂಗಡಿಯ ಡ್ರಿಲ್ಲು, ಏಣಿ, ಇಕ್ಕಳಗಳಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದು ಕುಳಿತಿದ್ದೆ. ಬಸ್ಸಿನ ರೂಟರ್ ಹೇಗಿದೆ ಎಂದು ಅಂಗಡಿಯ ಕಂಪ್ಯೂಟರಿನಲ್ಲೇ ಕಾಣುವಂತೆ ಮಾಡಿಕೊಂಡಿದ್ದೆ. ಬಸ್ಸು ನ್ಯಾಮತಿ ಬಿಟ್ಟ ಕೂಡಲೇ ಎರಡು ಸಿಮ್ಮಿನ ಗೆರೆಯೂ ಒಟ್ಟಿಗೇ ಪಾತಾಳಕ್ಕೆ ಇಳಿಯಿತು. ಒಂದು ಕಂಪನಿ ಕೈಕೊಡುವುದು ದಿನದ ಮಾತು. ಎರಡೂ ಒಂದೇ ಗಳಿಗೆಯಲ್ಲಿ ಕೈಕೊಟ್ಟರೆ ಕೇಬಲ್ ಕಿತ್ತಿರಬೇಕು ಅಂದುಕೊಂಡೆ. ಚಾಚಾಗೆ ಫೋನು ಮಾಡಿದೆ, ಕಂಡಕ್ಟರನಿಗೆ ಮಾಡಿದೆ. ಹಬ್ಬದ ಬಸ್ಸು, ಹಾಡು, ಗಲಾಟೆ, ಇಬ್ಬರೂ ಎತ್ತಲಿಲ್ಲ. ಕಂಡಕ್ಟರನಿಗೆ ಹೇಳಬೇಕಾದದ್ದು ಒಂದೇ ಮಾತು: ಫೋನಿನಲ್ಲಿ ವೈಫೈ ಆರಿಸು, ನಿನ್ನ ಸ್ವಂತ ಸಿಮ್ಮಿನಲ್ಲೇ ನೋಡು. ರೂಟರಿನ ಇಂಟರ್ನೆಟ್ ಸತ್ತರೂ ಬಸ್ಸಿನೊಳಗೆ ವೈಫೈ ಗೆರೆ ತುಂಬಿಯೇ ಇರುತ್ತದೆ, ಫೋನು ಅದನ್ನೇ ನೆಚ್ಚಿಕೊಂಡು ಕೂರುತ್ತದೆ. ಆ ಒಂದು ಮಾತನ್ನು ನಾನು ಅವನಿಗೆ ತಲುಪಿಸಲಾಗಲಿಲ್ಲ.

ಅದೇ ಹೊತ್ತಿಗೆ ಅವನ ಹೆಂಡತಿ ಮನೆಯಿಂದ ವಿಡಿಯೊ ಹಚ್ಚಿದ್ದಾಳೆ. ಅವ್ವ ಕೈಯೆತ್ತಿ ಏನೋ ಹೇಳುತ್ತಿದ್ದಾಳೆ. ಇತ್ತ ಬಸ್ಸಿನಲ್ಲಿ ಬರೀ ಕಪ್ಪು ಪರದೆ, ನಡುನಡುವೆ ಸೊಸೆಯ ಅರ್ಧ ದನಿ. ಆಮೇಲೆ ಸೊಸೆ ಸಾದಾ ಕಾಲ್ ಮಾಡಿ, “ಅತ್ತೆ ಹೆಂಗೋ ಮಾಡ್ತಾರೆ, ಬಂದುಬಿಡ್ರಿ,” ಎಂದಳಂತೆ. ಅವನು ಹೊನ್ನಾಳಿ ದಾಟಿದ ಮೇಲೆ ದಾರಿಯಲ್ಲೇ ಇಳಿದು, ಎದುರಿಗೆ ಬಂದ ಟ್ರ್ಯಾಕ್ಟರ್ ಹತ್ತಿ, ಮತ್ತೊಬ್ಬರ ಬೈಕಿನಲ್ಲಿ ಊರು ಸೇರಿದ. ಅಷ್ಟರಲ್ಲಿ ಅವ್ವ ಹೋಗಿಬಿಟ್ಟಿದ್ದಳು. ಸಂಜೆ ಚಾಚಾ ಫೋನು ಮಾಡಿ ಇಷ್ಟನ್ನೂ ಹೇಳಿದರು.

ಮರುದಿನ ಮೊದಲ ಬಸ್ಸಿಗೇ ನ್ಯಾಮತಿಗೆ ಹೋದೆ. ಮಣ್ಣು ಮಧ್ಯಾಹ್ನಕ್ಕೆ ಇತ್ತು. ಓನರ್ ಅವತ್ತು ಬಸ್ಸು ಬಿಟ್ಟಿರಲಿಲ್ಲ. ಸ್ಟ್ಯಾಂಡಿನಲ್ಲಿ ಬಾಳೆಕಂದು, ಚೆಂಡುಹೂವು ಹೊತ್ತು ನಿಂತಿತ್ತು. ಕಿತ್ತ ಕೇಬಲ್ ಹುಡುಕಲು ನೆತ್ತಿ ಹತ್ತಿದೆ. ಕೇಬಲ್ ಸರಿಯಾಗಿತ್ತು. ಆಂಟೆನಾದ ಡಬ್ಬಿ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೋಟೆಲಿನಲ್ಲಿ ರೊಟ್ಟಿ ಕಟ್ಟಿಕೊಡುವ ಬೆಳ್ಳಿ ಹಾಳೆಯನ್ನು ಅದಕ್ಕೆ ಸುತ್ತಿನ ಮೇಲೆ ಸುತ್ತು ಸುತ್ತಿ, ಒಂದು ಸುಕ್ಕೂ ಇಲ್ಲದಂತೆ ನೀವಿ, ಮೇಲೆ ವಿಭೂತಿ ಬಳಿದು, ಹೂವಿನ ಹಾರ ಹಾಕಿದ್ದರು. ಇಡೀ ಬಸ್ಸಿನಲ್ಲಿ ಅಷ್ಟು ಚೆಂದದ ಅಲಂಕಾರ ಇನ್ನೊಂದಿರಲಿಲ್ಲ. ಸಿಗ್ನಲ್ ಒಳಗೆ ಹೋಗದಂತೆ ಮುಚ್ಚಬೇಕೆಂದರೆ ನಾನೂ ಅದಕ್ಕಿಂತ ಚೆನ್ನಾಗಿ ಮುಚ್ಚಲಾರೆ.

ಚಾಚಾ ಏಣಿಯ ಅರ್ಧದವರೆಗೆ ಬಂದರು. “ಅವನೇ ಸುತ್ತಿದ್ದು ಸಾಹೇಬ್ರೆ. ಸ್ಟೇರಿಂಗಿಗೆ, ಇಂಜಿನ್ನಿಗೆ ನಾವೆಲ್ಲ ಮಾಡಿದ್ವಿ. ಇದು ನಮ್ಮವ್ವನ್ನ ಕರ್ಕಂಬರೋ ದೇವ್ರು, ಇದಕ್ಕೆ ನಾನೇ ಮಾಡ್ತೀನಿ ಅಂದ. ಹೋಟೆಲ್ನೋರ ಹತ್ರ ಕೇಳ್ಕಂಡು ಬಂದ. ಬಸ್ಸು ಸ್ಟಾರ್ಟ್ ಮಾಡೋಕೂ ಮುಂಚೆ ಇಲ್ಲೇ ಏಣಿ ಮೇಲೆ ನಿಂತು ಅವ್ವಂಗೆ ಫೋನಾಗೆ ತೋರಿಸಿದ. ಆವಾಗ ಚೆನ್ನಾಗೇ ಬರ್ತಿತ್ತು.”

ಆಗ ಬಸ್ಸು ಆಫ್ ಆಗಿತ್ತು, ವೈಫೈ ಇರಲಿಲ್ಲ, ಫೋನು ತನ್ನ ಸಿಮ್ಮಿನಲ್ಲೇ ಇತ್ತು. ಊರೊಳಗೆ ಅದು ಸಾಕು. ನಾನು ಹಾಳೆಯನ್ನು ಬಿಚ್ಚತೊಡಗಿದೆ. ಚಾಚಾ ನನ್ನ ಮುಖ ನೋಡಿದರು.

“ಇದ್ರಿಂದಾನಾ?”

“ಹೂಂ ಚಾಚಾ.”

ಅವರು ಏಣಿಯ ಮೇಲೆ ನಿಂತಲ್ಲೇ ಕಣ್ಣು ಒರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ. ಮಳೆ, ಮರ, ಚೀಲ, ತಗ್ಗು, ರೀಲ್ಸು, ಎಲ್ಲದರ ಜೊತೆ ಗುದ್ದಾಡಿದ್ದೆ. ಕೈ ಮುಗಿಯುವವನೊಬ್ಬ ಅದನ್ನು ಮುಚ್ಚಿಯಾನು ಎಂದು ಯಾವ ಕನಸಿನಲ್ಲಿ ಹೊಳೆಯಬೇಕು?

“ಅವ್ನಿಗೆ ಹೇಳ್ತೀರೇನು?” ಎಂದರು ಚಾಚಾ ಕೊನೆಗೆ.

ಯಂತ್ರ ಯಾಕೆ ಕೆಟ್ಟಿತು ಎಂದು ಕೇಳಿದವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳುವುದು ನನ್ನ ಕಸುಬಿನ ನಿಯಮ. ಅವತ್ತು ಅದನ್ನು ಮುರಿಯಲು ನಿರ್ಧರಿಸಿದೆ. ಹಾಳೆಯನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದೆ.

“ಹೇಳಲ್ಲ. ನೀವೂ ಹೇಳಬ್ಯಾಡ್ರಿ.”

ಗೋವಿನಕೋವಿಯಲ್ಲಿ ಮಣ್ಣು ಮುಗಿಸಿ ಕಾಲು ತೊಳೆಯುವಾಗ ಅವನೇ ಹತ್ತಿರ ಬಂದ. ಕಣ್ಣು ಬಾತುಕೊಂಡಿದ್ದವು. “ನಿನ್ನೆ ಏನಾಗಿತ್ತು ಸಾರ್? ಒಂದೀಟೂ ಕಾಣಲಿಲ್ಲ.”

“ಎರಡೂ ಟವರ್ ಬಿದ್ದಿದ್ವಪ್ಪ. ಹಬ್ಬಕ್ಕೆ ಕರೆಂಟ್ ಹೋಗಿತ್ತಂತೆ. ಯಾರ ಕೈಯಾಗೂ ಇರಲಿಲ್ಲ.”

ಅವನು ತಲೆಯಾಡಿಸಿದ. ಯಂತ್ರದ ವಿಷಯದಲ್ಲಿ ಅವನು ನನ್ನ ಮಾತನ್ನು ಯಾವತ್ತೂ ಅನುಮಾನಿಸಿದವನಲ್ಲ.

ಮೂರನೆಯ ದಿನ ಹಾಲುತುಪ್ಪಕ್ಕೆ ಚಾಚಾ ಮತ್ತು ನಾನು ಮತ್ತೆ ಹೋದೆವು. ನೆಂಟರು ಊಟ ಮಾಡಿ ಎದ್ದಿದ್ದರು. ನಾವು ಮೂವರು ಜಗಲಿಯಲ್ಲಿ ಕುಳಿತಿದ್ದೆವು. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು.

“ರೀ, ಇಷ್ಟು ದಿನ ಜನ ಇದ್ರು, ಹೇಳಾಕೆ ಆಗ್ಲಿಲ್ಲ. ಅತ್ತೆ ಅವತ್ತು ಫೋನು ನೋಡ್ಕಂತ ಏನೋ ಹೇಳಿದ್ರು. ನಿಮ್ಗೆ ಕಾಣ್ತೈತೆ ಅಂತ್ಲೇ ಹೇಳಿದ್ರು. ಮೊದ್ಲಿಂದು ನಿಮ್ಮ ಹೆಸ್ರು, ಅದು ಗ್ಯಾನ ಐತೆ. ಮುಂದಿಂದು ನಂಗೆ ತಿಳೀಲಿಲ್ಲ. ಮರೀಬಾರ್ದು ಅಂತ ಹಿಂದ್ಲ ಮನ್ಯಾಗೆ ಒಬ್ಳೇ ಮಾಡಿ ಮಾಡಿ ಇಟ್ಕಂಡೀನಿ. ಮಾಡ್ಲಾ?”

ಅವನು ಎದ್ದು ನಿಂತ. ಅವಳು ಸೆರಗು ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿದಳು. ಮೊದಲು ಕಿವಿಯ ತುದಿ ಎಳೆದಳು. ಸ್ಟೇರಿಂಗ್ ತಿರುಗಿಸುವಂತೆ ಕೈ ತಿರುಗಿಸಿದಳು. ತಲೆಯ ಮೇಲೆ ಅಂಗೈ ಇಟ್ಟು, ಕಣ್ಣಿನ ಬಳಿ ಬೆರಳುಗಳನ್ನು ಮುಚ್ಚಿ ತೆರೆದಳು, ಮತ್ತೆ ಮುಚ್ಚಿ ತೆರೆದಳು. ಎದೆಯ ಮೇಲೆ ಕೈ ಇಟ್ಟು ಮೆಲ್ಲಗೆ ಸವರಿದಳು. ಕಡೆಗೆ ಕೆನ್ನೆಯ ಕೆಳಗೆ ಅಂಗೈ. ಮುಗಿಸಿ ತಪ್ಪಾಯಿತೇನೋ ಎಂಬಂತೆ ಗಂಡನನ್ನು ನೋಡಿದಳು.

“ಇನ್ನೊಂದ್ಸಲ,” ಎಂದ ಅವನು. ಅವಳು ಮತ್ತೆ ಮಾಡಿದಳು. ಅವನು ಅವಳ ಮುಖ ನೋಡಲೇ ಇಲ್ಲ, ಕೈಗಳನ್ನೇ ನೋಡಿದ. ಆಮೇಲೆ ಆ ಎರಡೂ ಕೈ ಹಿಡಿದುಕೊಂಡು, ತನ್ನ ಹಣೆಗೆ ಒತ್ತಿಕೊಂಡು, ಮೂರು ದಿನ ಅತ್ತೂ ಉಳಿದಿದ್ದುದನ್ನೆಲ್ಲ ಅತ್ತ.

ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದ. “ಅವ್ವ ನೋವು ಅಂತ ಹೇಳಿದ್ದಲ್ಲ ಸಾರ್. ‘ಮಗಾ, ಬಸ್ಸಿನ ತಲೆ ಮ್ಯಾಲೆ ಹೊಳೀತಾ ಇರೋದು ಭಾಳ ಚೆಂದ ಐತೆ. ನಾನು ಮಲಗ್ತೀನಿ’ ಅಂದಾಳೆ. ಬೆಳಗ್ಗೆ ಡಬ್ಬಿ ತೋರಿಸಿದ್ನಲ್ಲ, ಅದನ್ನೇ ಅಂದಾಳೆ.” ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ಹಬ್ಬ ಮುಗೀತು ಅಂತ ಆ ಹಾಳೆ ತೆಗೀಬ್ಯಾಡ್ರಿ ಸಾರ್. ಹಂಗೇ ಇರ್ಲಿ.”

ಚಾಚಾ ನೆಲ ನೋಡುತ್ತಿದ್ದರು. ಹಾಳೆಯ ಮುದ್ದೆ ನನ್ನ ಪಕ್ಕದಲ್ಲಿದ್ದ ಚೀಲದೊಳಗೇ ಇತ್ತು. “ಇರ್ತೈತೆ,” ಎಂದೆ.

ಅಂದೇ ಸಂಜೆ, ಬದಲಿ ಡ್ರೈವರ್ ಓಡಿಸುತ್ತಿದ್ದ ಬಸ್ಸು ನ್ಯಾಮತಿಗೆ ಬಂದು ನಿಂತ ಮೇಲೆ ನಾವಿಬ್ಬರೂ ನೆತ್ತಿ ಹತ್ತಿದೆವು. ಡಬ್ಬಿಯೊಳಗಿಂದ ಆಂಟೆನಾ ತೆಗೆದು, ಬೋರ್ಡಿನ ಇನ್ನೊಂದು ತುದಿಯಲ್ಲಿ ಬಸ್ಸಿನದೇ ಬಣ್ಣದ ಇನ್ನೊಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಕೇಬಲ್ ಹಿಂದಿನಿಂದ ತಿರುಗಿಸಿ ತಂದೆ. ಖಾಲಿಯಾದ ಹಳೆಯ ಡಬ್ಬಿ ಅದರ ಜಾಗದಲ್ಲೇ ಉಳಿಯಿತು. ಅದೇ ಹೋಟೆಲಿನಿಂದ ಚಾಚಾ ಹೊಸ ಹಾಳೆ ತಂದರು. ಅವನು ಸುತ್ತಿದಷ್ಟು ನಯವಾಗಿ ನನಗೆ ಸುತ್ತಲು ಬರಲಿಲ್ಲ. ಎರಡು ಸಲ ಬಿಚ್ಚಿ ಸುತ್ತಿದೆ. ವಿಭೂತಿಯ ಗೆರೆ ಎಲ್ಲೆಲ್ಲಿ ಇತ್ತೆಂದು ಚಾಚಾ ನೆನಪಿನಿಂದ ಬೆರಳಿಟ್ಟು ತೋರಿಸಿದರು, ನಾನು ಬಳಿದೆ.

ಅವನು ಡ್ಯೂಟಿಗೆ ಮರಳಿದ ಬೆಳಗ್ಗೆ ನಾನೂ ಬಸ್ಸಿನಲ್ಲಿದ್ದೆ. ಹತ್ತುವ ಮುಂಚೆ ತಲೆಯೆತ್ತಿ ಡಬ್ಬಿ ನೋಡಿ ಕೈಮುಗಿದ. ಬಸ್ಸು ಹೊನ್ನಾಳಿ ಸೇತುವೆ ದಾಟಿ ನಾಲೆಯ ತಗ್ಗಿಗೆ ಇಳಿಯಿತು. ಲ್ಯಾಪ್‌ಟಾಪಿನಲ್ಲಿ ಎರಡೂ ಸಿಮ್ಮಿನ ಗೆರೆ ಅಲ್ಲಾಡದೆ ನೆಟ್ಟಗೆ ನಿಂತಿದ್ದವು. ಇಷ್ಟು ತಿಂಗಳಲ್ಲಿ ಅಷ್ಟು ಒಳ್ಳೆಯ ಸಂಪರ್ಕ ಒಂದು ದಿನವೂ ಸಿಕ್ಕಿರಲಿಲ್ಲ.

ಅವನು ಟಿಕೆಟ್ ಹರಿಯುತ್ತಾ ನನ್ನ ಪಕ್ಕಕ್ಕೆ ಬಂದು ನಿಂತ. “ಹೆಂಗೈತೆ ಸಾರ್ ಸಿಗ್ನಲ್?”

“ಪೂರ್ತಿ ಐತೆ,” ಎಂದೆ.

ಅವನು ಜೇಬಿನಿಂದ ಫೋನು ತೆಗೆದು ಸ್ವಲ್ಪ ಹೊತ್ತು ನೋಡಿದ. ಹಾಗೇ ಒಳಗಿಟ್ಟು, ಕಿವಿಯ ತುದಿಯನ್ನು ತಾನೇ ಮೆಲ್ಲಗೆ ಎಳೆದುಕೊಂಡು, ಮುಂದಿನ ಸೀಟಿಗೆ ಹೋದ.